ಮತ ಕೇಳದ ಬಂಡವಾಳ: ಸಹಕಾರ ಸಂಘ ಬೆಳೆಯಲು ಎಂಥ ಹಣ ಬೇಕು?

ವ್ಯವಹಾರ ಚೆನ್ನಾಗಿದ್ದೂ ಸಾಲ ಸಿಗದೆ ನಿಂತುಬಿಟ್ಟ ಸಹಕಾರ ಸಂಘಗಳು ಎಲ್ಲ ದೇಶಗಳಲ್ಲೂ ಇವೆ. ಸದಸ್ಯರು ಹೆಚ್ಚುತ್ತಿರುತ್ತಾರೆ, ಸರಕಿಗೆ ಬೇಡಿಕೆ ಇರುತ್ತದೆ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಇರುವುದಿಲ್ಲ. ಆದರೂ ಹೊಸ ಸಂಸ್ಕರಣಾ ಘಟಕಕ್ಕೆಂದು ಅರ್ಜಿ ಹಾಕಿದರೆ ಸಾಮಾನ್ಯ ಬ್ಯಾಂಕು ಮೂರು ಕಾರಣ ಹೇಳಿ ವಾಪಸ್ ಕಳಿಸುತ್ತದೆ: ಸ್ವಂತ ಬಂಡವಾಳ ಕಡಿಮೆ, ಲಾಭ ಕಡಿಮೆ, ಜಾಮೀನು ನಿಲ್ಲುವ ಮಾಲೀಕ ಯಾರೂ ಇಲ್ಲ. ಮೂರೂ ನಿಜವೇ. ತಮಾಷೆ ಏನೆಂದರೆ ಸಹಕಾರ ಸಂಘ ಇರಬೇಕಾದ್ದೇ ಹಾಗೆ. ಈ ಸ್ವಭಾವವನ್ನು ಅರಿತು ಹಣ ಕೊಡುವ ಬ್ಯಾಂಕು, ನಿಧಿ, ನಿಗಮಗಳೆಲ್ಲ ಸೇರಿ ವಿಶೇಷ ಹಣಕಾಸು ಎನಿಸಿಕೊಳ್ಳುತ್ತವೆ. ಅದನ್ನು ಅಗ್ಗದ ಬಡ್ಡಿಯ ಸಾಲ ಎಂದಷ್ಟೇ ತಿಳಿದ ಆಡಳಿತ ಮಂಡಳಿಗಳು ಬಡ್ಡಿ ದರದ ಮೇಲೆಯೇ ಚೌಕಾಸಿ ಮಾಡಿ ಎದ್ದು ಬರುತ್ತವೆ. ಹಣ ಯಾವ ಷರತ್ತಿನ ಮೇಲೆ ಬರುತ್ತದೆ, ಕೆಟ್ಟ ವರ್ಷದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕೇಳುವುದೇ ಇಲ್ಲ. ಅಸಲಿ ವ್ಯತ್ಯಾಸ ಇರುವುದೇ ಅಲ್ಲಿ.

ಮೊದಲು ಷೇರಿನ ವಿಷಯ. ಕಂಪನಿಯ ಷೇರಿಗೆ ಮಾರುಕಟ್ಟೆ ಬೆಲೆ ಏರುತ್ತದೆ, ಷೇರಿಗೊಂದು ಮತ ಸಿಗುತ್ತದೆ, ಹಾಗಾಗಿ ಹೊರಗಿನವರು ಹಣ ಹಾಕುತ್ತಾರೆ. ಸಹಕಾರ ಸಂಘದಲ್ಲಿ ಒಬ್ಬರಿಗೆ ಒಂದೇ ಮತ, ಷೇರು ಯಾವತ್ತೂ ಮುಖಬೆಲೆಯಲ್ಲೇ ಇರುತ್ತದೆ, ಲಾಭಾಂಶಕ್ಕೆ ಮಿತಿ ಇರುತ್ತದೆ. ಸದಸ್ಯ ಸಂಘ ಬಿಟ್ಟು ಹೋದರೆ ಮುಖಬೆಲೆ ವಾಪಸ್ ಕೊಡಬೇಕು. ಇಲ್ಲೇ ಬ್ಯಾಂಕಿನ ಸಾಲ ವಿಭಾಗ ಹುಬ್ಬು ಗಂಟಿಕ್ಕುವುದು: ಕೇಳಿದಾಗ ಹಿಂತಿರುಗಿಸಬೇಕಾದ ಹಣ ಬಂಡವಾಳವೋ, ಸಾಲವೋ? ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ಪ್ರಕಾರವೂ ಈ ಪ್ರಶ್ನೆ ನ್ಯಾಯವಾದದ್ದೇ. 2004ರಲ್ಲಿ ಬಂದ ಐಎಫ್‌ಆರ್‌ಐಸಿ 2 ಎಂಬ ವಿವರಣೆ ಇದಕ್ಕೆಂದೇ ಬರೆದದ್ದು. ಷೇರು ವಾಪಸಾತಿಯನ್ನು ನಿರಾಕರಿಸುವ ಬೇಷರತ್ ಹಕ್ಕು ಸಂಘಕ್ಕಿದ್ದರೆ, ಅಥವಾ ಕಾನೂನೋ ಬೈಲಾವೋ ವಾಪಸಾತಿಯನ್ನು ನಿರ್ಬಂಧಿಸಿದ್ದರೆ ಮಾತ್ರ ಆ ಷೇರು ಬಂಡವಾಳ ಎನಿಸುತ್ತದೆ. ಇಲ್ಲದಿದ್ದರೆ ಅದು ಹೊಣೆಗಾರಿಕೆಯ ಪಟ್ಟಿಗೆ ಸೇರುತ್ತದೆ. ಆದ್ದರಿಂದ ಸಾಲದ ಅರ್ಜಿ ಬರೆಯುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಬೈಲಾ ತೆರೆದು ಈ ಕಲಮನ್ನು ಓದುವುದು. 'ಷೇರು ವಾಪಸಾತಿ ಆಡಳಿತ ಮಂಡಳಿಯ ವಿವೇಚನೆಗೆ ಒಳಪಟ್ಟಿದೆ, ಒಟ್ಟು ಷೇರು ಬಂಡವಾಳ ಇಂತಿಷ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ' ಎಂಬ ಸಾಲು ಇಲ್ಲದಿದ್ದರೆ ಮಹಾಸಭೆ ಕರೆದು ತಿದ್ದುಪಡಿ ಮಾಡಿಸಿಕೊಳ್ಳಿ. ಒಂದು ಪೈಸೆ ಹೊಸ ಹಣ ಬರದೆಯೂ ಸಂಘದ ಬಂಡವಾಳದ ಚಿತ್ರ ಬದಲಾಗುತ್ತದೆ.

ಲಾಭ ಎಲ್ಲಿ ಅಡಗಿದೆ

ಸಾಮಾನ್ಯ ಬ್ಯಾಂಕು ಎಡವುವ ಮುಖ್ಯ ಜಾಗ ಇದು. ಸದಸ್ಯರಿಂದ ಸರಕು ಕೊಳ್ಳುವ ಒಂದು ಸಂಘ ಇದೆ ಎಂದುಕೊಳ್ಳಿ. ವರ್ಷದ ಖರೀದಿ ಮಾರುಕಟ್ಟೆ ದರದಲ್ಲಿ ಆಗಿದ್ದರೆ 400 ಆಗುತ್ತಿತ್ತು (ಸಾವಿರವೋ ಲಕ್ಷವೋ, ಲೆಕ್ಕ ಒಂದೇ). ಸಂಘ ಸದಸ್ಯರಿಗೆ ಶೇ. 4ರಷ್ಟು ಹೆಚ್ಚು ಕೊಟ್ಟಿದೆ, ಅಂದರೆ 16 ಹೆಚ್ಚು. ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿದ ನಿವ್ವಳ ಲಾಭ 3. ಬ್ಯಾಂಕಿನವರಿಗೆ ಕಾಣುವುದು ಈ 3 ಮಾತ್ರ. ಸಹಕಾರ ಸಂಘಗಳಿಗೇ ಸಾಲ ಕೊಡುವವರು ಕೇಳುವ ಮೊದಲ ಪ್ರಶ್ನೆ: ಸದಸ್ಯರ ಕೈಗೆ ಮಾರುಕಟ್ಟೆಗಿಂತ ಎಷ್ಟು ಹೆಚ್ಚು ಹೋಗಿದೆ? ಉತ್ತರ 16 ಎಂದಾದರೆ, ಸಂಘದ ನಿಜವಾದ ಗಳಿಕೆ 19.

ಹಾಗಂತ ಆ 19ನ್ನೂ ಕಂತು ಕಟ್ಟಲು ಲಭ್ಯ ಎಂದು ಬರೆದುಕೊಂಡರೆ ಅದೂ ತಪ್ಪು. ದರ ಮಾರುಕಟ್ಟೆ ಮಟ್ಟಕ್ಕೆ ಇಳಿದ ದಿನ ಸದಸ್ಯರು ಸರಕನ್ನು ಹೊರಗಿನ ವ್ಯಾಪಾರಿಗೆ ಕೊಡಲು ಶುರು ಮಾಡುತ್ತಾರೆ. ಹಾಗಾಗಿ ಹೆಚ್ಚುವರಿ ದರದ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ನನ್ನ ಪ್ರಕಾರ ಜಾಣತನ. ಜೊತೆಗೆ ಸದಸ್ಯರು ತಮ್ಮ ಒಟ್ಟು ಉತ್ಪನ್ನದಲ್ಲಿ ಎಷ್ಟು ಪಾಲನ್ನು ಸಂಘಕ್ಕೆ ಹಾಕುತ್ತಿದ್ದಾರೆ ಎಂಬುದನ್ನು ಮೂರು ವರ್ಷಗಳಿಗೆ ಬಿಡಿಸಿ ನೋಡಬೇಕು. ಈ ಪಾಲು ಶೇ. 80ರಿಂದ 60ಕ್ಕೆ ಜಾರಿದ್ದರೆ, ಲಾಭ ಎಷ್ಟೇ ಇರಲಿ, ಸಂಘ ಒಳಗಿನಿಂದ ಸೋರುತ್ತಿದೆ ಎಂದೇ ಅರ್ಥ. ಸಾಮಾನ್ಯ ಸಾಲದ ಅರ್ಜಿಯಲ್ಲಿ ಇದನ್ನು ಬರೆಯಲು ಕಾಲಂ ಕೂಡ ಇರುವುದಿಲ್ಲ.

ಈ ಲೆಕ್ಕವನ್ನು ಒಪ್ಪಂದಕ್ಕೆ ಇಳಿಸುವ ದಾರಿಯೂ ಇದೆ. ಸದಸ್ಯರಿಗೆ ಸರಕು ಹಾಕಿದ ದಿನ ಅಂದಾಜು ದರದ ಒಂದು ಭಾಗ, ಮಾರಾಟವಾಗಿ ಸಾಲದ ಕಂತು ಕಟ್ಟಿದ ಮೇಲೆ ಉಳಿದದ್ದು. ಹೀಗೆ ಬರೆದುಕೊಂಡರೆ ಸದಸ್ಯರ ಅಂತಿಮ ದರವೇ ಸಾಲಕ್ಕೆ ಆಸರೆಯಾಗಿ ನಿಲ್ಲುತ್ತದೆ. ಖಾಸಗಿ ಕಾರ್ಖಾನೆಗೆ ಈ ಅನುಕೂಲ ಇಲ್ಲ. ಕಚ್ಚಾ ಸರಕು ಕೊಟ್ಟವನು ಅಲ್ಲಿ ಕಾಯುವುದಿಲ್ಲ.

ನಡುವಿನ ಪದರ

ಇನ್ನು ಮುಖ್ಯ ಲೆಕ್ಕ. ಘಟಕದ ಒಟ್ಟು ಯೋಜನಾ ವೆಚ್ಚ 100. ಸದಸ್ಯರಿಂದ ಹೊಸ ಷೇರು 20, ಮೀಸಲು ನಿಧಿಯಿಂದ 10. ಉಳಿದ 70ನ್ನು ಶೇ. 9ರ ಬಡ್ಡಿಗೆ 7 ವರ್ಷದ ಅವಧಿ ಸಾಲವಾಗಿ ತೆಗೆದರೆ ವರ್ಷದ ಸಮಾನ ಕಂತು ಸುಮಾರು 13.9. ಘಟಕದಿಂದ ಸಾಲ ತೀರಿಸಲು ಸಿಗುವ ನಗದು ವರ್ಷಕ್ಕೆ 13 ಎಂದಾದರೆ ಮೊದಲ ವರ್ಷವೇ ಸುಸ್ತಿ. ಹೊಸ ಷೇರು ಇನ್ನಷ್ಟು ಎತ್ತೋಣವೆಂದರೆ ಸದಸ್ಯರ ಕೈಯಲ್ಲಿ ಅಷ್ಟು ಹಣವಿಲ್ಲ. ಹೊರಗಿನ ಹೂಡಿಕೆದಾರನನ್ನು ಕರೆದರೆ ಅವನು ಮಂಡಳಿಯಲ್ಲಿ ಕುರ್ಚಿ ಕೇಳುತ್ತಾನೆ.

ಈಗ 70ರಲ್ಲಿ 50ನ್ನು ಮಾತ್ರ ಅವಧಿ ಸಾಲ ಮಾಡಿ, 20ನ್ನು ಷೇರಿಗೂ ಸಾಲಕ್ಕೂ ನಡುವಿನ ಪದರದ ಹಣವಾಗಿ ತನ್ನಿ. ಈ 20 ಏಳೆಂಟು ವರ್ಷ ಅಸಲು ಕೇಳುವುದಿಲ್ಲ, ಬ್ಯಾಂಕ್ ಸಾಲ ತೀರುವ ತನಕ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ, ಲಾಭ ಬಂದ ವರ್ಷ ಮಾತ್ರ ಪ್ರತಿಫಲ ಪಡೆಯುತ್ತದೆ. ಅವಧಿ ಸಾಲದ ಕಂತು 9.9ಕ್ಕೆ ಇಳಿಯುತ್ತದೆ. 13ರ ನಗದಿಗೆ ಹೋಲಿಸಿದರೆ 1.3 ಪಟ್ಟು ರಕ್ಷಣೆ. ಸಾಲ ಕೊಡುವವರು ಸಾಮಾನ್ಯವಾಗಿ ಕೇಳುವುದು 1.2ರಿಂದ 1.25. ಲಾಭದ ವರ್ಷದಲ್ಲಿ ನಡುವಿನ ಪದರಕ್ಕೆ ಶೇ. 4 ಕೊಟ್ಟರೂ ಹೋಗುವುದು 0.8. ವ್ಯಾಪಾರ ಕೆಟ್ಟು ನಗದು ಶೇ. 20ರಷ್ಟು ಇಳಿದು 10.4 ಆದರೂ ಬ್ಯಾಂಕಿನ ಕಂತು ತಪ್ಪುವುದಿಲ್ಲ. ಮೊದಲಿನ ಏರ್ಪಾಡಿನಲ್ಲಾದರೆ ಅದೇ ವರ್ಷ 3.5 ಕೊರತೆ ಬೀಳುತ್ತಿತ್ತು. ಬಡ್ಡಿ ದರದಲ್ಲಿ ಅರ್ಧ ಪ್ರತಿಶತ ಇಳಿಸಿಕೊಂಡಿದ್ದರೆ ಇಂಥ ಉಸಿರು ಸಿಗುತ್ತಿರಲಿಲ್ಲ.

ಈ ಪದರವನ್ನು ಒಂದೊಂದು ದೇಶ ಒಂದೊಂದು ಬಗೆಯಲ್ಲಿ ಕಟ್ಟಿದೆ. ಫ್ರಾನ್ಸ್ 1983ರ ಕಾನೂನಿನಲ್ಲಿ ಸಹಕಾರ ಸಂಘಗಳಿಗೆ ಮತಾಧಿಕಾರವಿಲ್ಲದ ಭಾಗವಹಿಸುವಿಕೆ ಪತ್ರಗಳಿಗೆ ಅವಕಾಶ ಕೊಟ್ಟಿತು. ಪ್ರತಿಫಲದಲ್ಲಿ ಒಂದು ಭಾಗ ಸ್ಥಿರ, ಒಂದು ಭಾಗ ಸಂಘದ ಫಲಿತಾಂಶಕ್ಕೆ ತಕ್ಕಂತೆ. ಸಂಘ ಬಯಸಿದರೂ 7 ವರ್ಷಕ್ಕೆ ಮುಂಚೆ ವಾಪಸ್ ಕೊಡುವಂತಿಲ್ಲ. ಇಟಲಿಯ 1992ರ 59ನೇ ಕಾನೂನು ಹಣ ಹೂಡುವ ಸದಸ್ಯರು ಎಂಬ ಹೊಸ ವರ್ಗವನ್ನೇ ತಂದಿತು. ಅವರಿಗೆ ಮತ ಉಂಟು, ಆದರೆ ಒಬ್ಬರಿಗೆ ಗರಿಷ್ಠ ಐದು, ಎಲ್ಲರದೂ ಸೇರಿ ಒಟ್ಟು ಮತಗಳ ಮೂರನೇ ಒಂದು ಭಾಗ ಮೀರುವಂತಿಲ್ಲ. ಅದೇ ಕಾನೂನು ಇನ್ನೊಂದು ದೊಡ್ಡ ಕೆಲಸ ಮಾಡಿತು: ಪ್ರತಿ ಸಹಕಾರ ಸಂಘ ತನ್ನ ವಾರ್ಷಿಕ ಲಾಭದ ಶೇ. 3ನ್ನು ಸಂಘಗಳ ಪರಸ್ಪರ ನೆರವಿನ ನಿಧಿಗೆ ಕಟ್ಟಬೇಕು. ಕೂಪ್‌ಫೊಂಡ್, ಫೊಂಡೊಸ್ವಿಲುಪ್ಪೊ ಮುಂತಾದ ನಿಧಿಗಳು ಹೀಗೆ ಹುಟ್ಟಿದವು. ಹಳೆಯ ಸಂಘಗಳ ಲಾಭದಿಂದ ಹೊಸ ಸಂಘಕ್ಕೆ ಬಂಡವಾಳ. ಸರ್ಕಾರದ ಬಜೆಟ್ಟಿಗೆ ಕಾಯಬೇಕಿಲ್ಲ. ನನಗೆ ಗೊತ್ತಿರುವ ಏರ್ಪಾಡುಗಳಲ್ಲಿ ಅತಿ ಗಟ್ಟಿಯಾದದ್ದು ಇದೇ.

ಇಟಲಿಯದೇ ಮಾರ್ಕೋರಾ ಕಾನೂನು 1985ರದ್ದು. ಮುಚ್ಚುವ ಸ್ಥಿತಿಗೆ ಬಂದ ಕಾರ್ಖಾನೆಯನ್ನು ಕಾರ್ಮಿಕರು ಸಹಕಾರ ಸಂಘ ಕಟ್ಟಿಕೊಂಡು ಕೊಳ್ಳಲು ಅದು ನೆರವಾಗುತ್ತದೆ. ಕಾರ್ಮಿಕರು ತಮ್ಮ ಉಳಿತಾಯವನ್ನು, ಕೆಲವು ವೇಳೆ ನಿರುದ್ಯೋಗ ಭತ್ಯೆಯನ್ನೇ ಒಟ್ಟಾಗಿ ಮುಂಗಡ ಪಡೆದು, ಷೇರಿಗೆ ಹಾಕುತ್ತಾರೆ. ಸರ್ಕಾರದ ಹಣ ಹೂಡುವ ಸಿಎಫ್‌ಐ ಎಂಬ ಸಂಸ್ಥೆ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಮೊದಲು ಕಾರ್ಮಿಕರ ಹಣದ ಮೂರು ಪಟ್ಟಿನವರೆಗೆ ಸರ್ಕಾರಿ ಪಾಲು ಬರುತ್ತಿತ್ತು. 2001ರ ತಿದ್ದುಪಡಿಯ ನಂತರ ಅದು ಸಮಕ್ಕೆ ಸಮ ಆಯಿತು. ಕಾರ್ಮಿಕರಿಗೆ ಇದು ಬಿಗಿಯಾದ ಷರತ್ತು. ಆದರೂ ಸ್ವಂತ ಹಣ ಗಣನೀಯವಾಗಿ ಸಿಲುಕಿಕೊಂಡಿರುವ ಸಂಘದ ಮಹಾಸಭೆಯಲ್ಲಿ ಲೆಕ್ಕದ ಪುಟಗಳನ್ನು ಓದಿ ಪ್ರಶ್ನೆ ಕೇಳುವವರು ಇರುತ್ತಾರೆ. ಹೊರಗಿನ ಹಣವೇ ಮುಕ್ಕಾಲು ಪಾಲು ಇರುವ ಸಂಘದಲ್ಲಿ ಆ ಚುರುಕು ಕಾಣುವುದು ಅಪರೂಪ.

ಕೆನಡಾದ ಕ್ಯೂಬೆಕ್ ಪ್ರಾಂತ್ಯ ತೆರಿಗೆಯ ದಾರಿ ಹಿಡಿಯಿತು: ಅರ್ಹ ಸಂಘದ ಆದ್ಯತಾ ಷೇರು ಕೊಂಡ ಸದಸ್ಯರಿಗೂ ಉದ್ಯೋಗಿಗಳಿಗೂ ಹೂಡಿದ್ದರ ಶೇ. 125ರಷ್ಟನ್ನು ತೆರಿಗೆ ಕಟ್ಟಬೇಕಾದ ಆದಾಯದಿಂದ ಕಳೆಯುವ ಅವಕಾಶ.

ಬ್ಯಾಂಕೇ ಸಹಕಾರಿಯಾದಾಗ

ಇದರ ಬೇರು ಹಳೆಯದು. ಶುಲ್ಜ್-ಡೆಲಿಟ್ಷ್ 1850ರಲ್ಲಿ ಜರ್ಮನಿಯ ಕುಶಲಕರ್ಮಿಗಳಿಗೆ ಮುಂಗಡ ಸಂಘ ಕಟ್ಟಿದರು, ರೈಫೈಸನ್ 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ರೈತರಿಗೆ ಸಾಲ ಸಂಘ ಕಟ್ಟಿದರು, ಡೆಜಾರ್ಡಾ 1900ರಲ್ಲಿ ಕ್ಯೂಬೆಕ್‌ನ ಲೆವಿಯಲ್ಲಿ ಅದೇ ಬಗೆಯ ಸಂಘ ತೆರೆದರು. ಇವೆಲ್ಲ ವ್ಯಕ್ತಿಗಳಿಗೆ ಸಾಲ ಕೊಡಲು ಹುಟ್ಟಿದವು. ಸಂಘಗಳಿಗೆ ಸಾಲ ಕೊಡುವ ಸಂಸ್ಥೆ ಬೇಕೆಂಬ ಅರಿವು ನಿಧಾನವಾಗಿ ಬಂತು. ಅಮೆರಿಕದಲ್ಲಿ 1933ರ ಕಾನೂನು ಸಹಕಾರ ಸಂಘಗಳಿಗೆಂದೇ ಬ್ಯಾಂಕುಗಳನ್ನು ಸ್ಥಾಪಿಸಿತು. ಅವುಗಳಲ್ಲಿ ಹಲವು ಸೇರಿ 1989ರಲ್ಲಿ ಕೋಬ್ಯಾಂಕ್ ಆಯಿತು. ಅಲ್ಲಿ ಸಾಲ ಪಡೆದ ಸಂಘವೇ ಬ್ಯಾಂಕಿನ ಷೇರುದಾರ. ಬ್ಯಾಂಕಿನ ಲಾಭದಲ್ಲಿ ಒಂದು ಪಾಲು ಸಾಲದ ಪ್ರಮಾಣಕ್ಕೆ ತಕ್ಕಂತೆ ವಾಪಸ್ ಬರುತ್ತದೆ. ಹಾಗಾಗಿ ಅಂಥ ಕಡೆ ದರ ಹೋಲಿಸುವಾಗ ಈ ವಾಪಸಾತಿಯನ್ನು ಕಳೆದೇ ನೋಡಬೇಕು, ಷೇರಿಗೆ ಕಟ್ಟಿದ ಹಣವನ್ನು ಸೇರಿಸಿಯೂ ನೋಡಬೇಕು. ಭಾರತದಲ್ಲಿ 1963ರಿಂದ ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮ ಇದೇ ಜಾಗದಲ್ಲಿದೆ.

ಸ್ಪೇನಿನ ಮೊಂಡ್ರಾಗನ್‌ನಲ್ಲಿ 1959ರಲ್ಲಿ ಶುರುವಾದ ಕಾಹಾ ಲಬೊರಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಠೇವಣಿ ಎತ್ತಿ ಸಾಲ ಕೊಡುವುದರ ಜೊತೆಗೆ ಉದ್ಯಮ ವಿಭಾಗವೊಂದನ್ನು ಇಟ್ಟುಕೊಂಡು ಹೊಸ ಸಂಘಗಳ ಯೋಜನೆ, ಮಾರುಕಟ್ಟೆ ಅಧ್ಯಯನ, ಲೆಕ್ಕ ತಪಾಸಣೆಯನ್ನೂ ತಾನೇ ಮಾಡಿಸಿತು. ಪ್ರತಿ ಸಂಘ ಬ್ಯಾಂಕಿನೊಂದಿಗೆ ಸಹಯೋಗದ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಸಂಘ ಕಷ್ಟಕ್ಕೆ ಸಿಕ್ಕಾಗ ಬಡ್ಡಿ ಇಳಿಸಿ, ತನ್ನ ಜನರನ್ನು ಕಳಿಸಿ ಸರಿಪಡಿಸುವ ಅವಕಾಶ ಆ ಒಪ್ಪಂದದಿಂದಲೇ ಬಂದದ್ದು. ಸಾಲ ಕೊಟ್ಟವರು ಕಾರ್ಖಾನೆಯ ಒಳಗೆ ಬಂದು ಕೂರುವುದು ಕೆಲವರಿಗೆ ಕಿರಿಕಿರಿ ಅನ್ನಿಸಬಹುದು. ಆದರೆ ಎಳೆಯ ಸಂಘಕ್ಕೆ ಹಣದಷ್ಟೇ ಅಗತ್ಯವಾದದ್ದು ತಿಂಗಳ ಲೆಕ್ಕವನ್ನು ಹೊತ್ತಿಗೆ ಸರಿಯಾಗಿ ಕೇಳುವ ಒಬ್ಬರು.

ಹಂಗಾಮಿನ ಹಣ

ಬೆಳೆಯುವ ಸಂಘ ಹೆಚ್ಚಾಗಿ ಮುಗ್ಗರಿಸುವುದು ದುಡಿಯುವ ಬಂಡವಾಳದಲ್ಲಿ, ಅಂದರೆ ದಿನನಿತ್ಯದ ವ್ಯವಹಾರ ನಡೆಸುವ ಹಣದಲ್ಲಿ. ಒಂದು ಸಂಘದ ಲೆಕ್ಕ ನೋಡಿ. ಮೂರು ತಿಂಗಳಲ್ಲಿ ತಿಂಗಳಿಗೆ 80ರಂತೆ 240ರ ಖರೀದಿ, ಮಾರಾಟ ವರ್ಷವಿಡೀ ತಿಂಗಳಿಗೆ 25ರಂತೆ, ಗಿರಾಕಿ ಹಣ ಕೊಡುವುದು 60 ದಿನ ಬಿಟ್ಟು. ಮೂರನೇ ತಿಂಗಳ ಕೊನೆಗೆ ಕೈಗೆ ಬಂದಿರುವುದು ಬರೀ 25. ಸದಸ್ಯರಿಗೆ ಪೂರ್ತಿ ಹಣ ಕೂಡಲೇ ಕೊಟ್ಟಿದ್ದರೆ ಬೇಕಾಗುವ ಗರಿಷ್ಠ ಸಾಲ 215, ಶೇ. 70 ಕೊಟ್ಟು ಉಳಿದದ್ದನ್ನು ಮಾರಾಟದ ನಂತರ ಕೊಡುವುದಾದರೆ 143. ಸಂಸ್ಕರಣೆಯ ಖರ್ಚು ಇದರ ಮೇಲೆ. ಸಾಲದ ಮಿತಿಯನ್ನು ವರ್ಷದ ಸರಾಸರಿ ನೋಡಿ ಕೇಳಿದ ಸಂಘ ಎರಡನೇ ತಿಂಗಳಲ್ಲೇ ಸದಸ್ಯರಿಗೆ ಬಟವಾಡೆ ನಿಲ್ಲಿಸಬೇಕಾಗುತ್ತದೆ. ಮಿತಿ ಕೇಳಬೇಕಾದ್ದು ಶಿಖರದ ತಿಂಗಳಿಗೆ. ಜೊತೆಗೆ ವರ್ಷದಲ್ಲಿ ಒಂದು ತಿಂಗಳಾದರೂ ಖಾತೆಯನ್ನು ಸೊನ್ನೆಗೆ ತರುವ ಷರತ್ತನ್ನು ಸಂಘವೇ ಒಪ್ಪಿಕೊಳ್ಳುವುದು ಒಳ್ಳೆಯದು. ಸೊನ್ನೆಗೆ ಬರಲಾಗದ ಹಂಗಾಮಿನ ಸಾಲ ಎಂದರೆ ಎಲ್ಲೋ ನಷ್ಟವನ್ನೋ ಯಂತ್ರವನ್ನೋ ಅದರಲ್ಲಿ ಅಡಗಿಸಿಟ್ಟಿದ್ದಾರೆ ಎಂದು.

ಈ ಮಿತಿಗೆ ಆಧಾರ ಸಾಮಾನ್ಯವಾಗಿ ದಾಸ್ತಾನಿನ ಅರ್ಧ, 90 ದಿನದೊಳಗಿನ ವಸೂಲಿ ಬಾಕಿಯ ಶೇ. 80. ಪ್ರತಿ ತಿಂಗಳು ತಖ್ತೆ ಕೊಡಬೇಕು. ರಫ್ತು ಮಾಡುವ ಸಂಘಗಳಿಗೆ ಇನ್ನೊಂದು ದಾರಿ ಖರೀದಿ ಒಪ್ಪಂದದ ಮೇಲಿನ ಮುಂಗಡ. ಸಣ್ಣ ಉತ್ಪಾದಕರಿಗೆ ನ್ಯಾಯವಾದ ದರ ಸಿಗುವಂತೆ ನೋಡುವ ಫೇರ್‌ಟ್ರೇಡ್ ಪ್ರಮಾಣಪತ್ರದ ನಿಯಮಗಳಲ್ಲಿ ಸಂಘ ಕೇಳಿದರೆ ಒಪ್ಪಂದದ ಮೌಲ್ಯದ ಶೇ. 60ರವರೆಗೆ ಮುಂಗಡಕ್ಕೆ ಅವಕಾಶವಿದೆ. ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಖರೀದಿದಾರ ಹಣ ಕಟ್ಟುತ್ತಾನೆ. ಅದು ತನ್ನದನ್ನು ಮುರಿದುಕೊಂಡು ಉಳಿದದ್ದನ್ನು ಸಂಘಕ್ಕೆ ಕಳಿಸುತ್ತದೆ. ಕಟ್ಟಡದ ಅಡಮಾನ ಬೇಕಿಲ್ಲ, ಒಪ್ಪಂದವೇ ಆಧಾರ. ಇದು ಕೆಡುವುದು ಬೆಲೆ ಬಿದ್ದಾಗ ಎಂದು ಹಲವರು ಅಂದುಕೊಳ್ಳುತ್ತಾರೆ. ಹೆಚ್ಚು ಅಪಾಯ ಬೆಲೆ ಏರಿದಾಗ. ಒಪ್ಪಂದದ ದರ ಹಿಂದೆ ಬೀಳುತ್ತದೆ, ಸದಸ್ಯರು ಸರಕನ್ನು ಹೊರಗೆ ಮಾರುತ್ತಾರೆ, ಸಂಘದ ಬಳಿ ಮುಂಗಡದ ಸಾಲ ಉಳಿಯುತ್ತದೆ, ಸರಕು ಇರುವುದಿಲ್ಲ. ಹಾಗಾಗಿ ನಿರೀಕ್ಷಿತ ಸರಕನ್ನೆಲ್ಲ ಒಂದೇ ಸ್ಥಿರ ದರಕ್ಕೆ ಕಟ್ಟಿಹಾಕದೆ, ಒಂದು ಭಾಗದ ದರವನ್ನು ರವಾನೆಯ ಹೊತ್ತಿಗೆ ನಿಗದಿ ಮಾಡುವಂತೆ ಬರೆಯಿಸಿಕೊಳ್ಳಬೇಕು.

ಜಾಮೀನಿನ ಮಾತು ಚಿಕ್ಕದು. ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವ ಸಾಲವನ್ನು ಒಪ್ಪಬೇಡಿ. ಒಂದು ಮತ, ಒಂದು ಪಾಲು ಲಾಭ ಇರುವವರು ಇಡೀ ಸಾಲಕ್ಕೆ ಮನೆ ಒತ್ತೆ ಇಟ್ಟರೆ ಮುಂದಿನ ಚುನಾವಣೆಗೆ ಯಾರೂ ನಿಲ್ಲುವುದಿಲ್ಲ, ನಿಂತವರು ಸಂಘ ತಮ್ಮದೇ ಎಂದುಕೊಳ್ಳುತ್ತಾರೆ. ಸಂಘದ ಪರವಾಗಿ ಜಾಮೀನು ನಿಲ್ಲುವ ಸಹಕಾರಿ ಖಾತ್ರಿ ನಿಧಿಗಳು ಇರುವುದೇ ಇದಕ್ಕೆ.

ಕೆಡುವುದು ಎಲ್ಲಿ

ಕಾಲಾವಧಿ ಹೊಂದದ ಹಣ ಮೊದಲನೆಯದು. ಕೇಳಿದಾಗ ಕೊಡಬೇಕಾದ ಸದಸ್ಯರ ಠೇವಣಿಯನ್ನು ಕಟ್ಟಡಕ್ಕೆ, ಯಂತ್ರಕ್ಕೆ ಹಾಕುವುದು. 2014ರಲ್ಲಿ ಇಟಲಿಯ ತ್ರಿಯೆಸ್ತೆಯ ಬಳಕೆದಾರರ ಸಹಕಾರ ಸಂಘ ಕುಸಿದಾಗ ಸಿಲುಕಿದ್ದು ಸಾವಿರಾರು ಸದಸ್ಯರು ಸಂಘದಲ್ಲಿ ಇಟ್ಟಿದ್ದ ಉಳಿತಾಯ. ವಾಪಸ್ ಕೇಳುವವರ ಸಾಲು ಬೆಳೆದಾಗ ಸ್ಥಿರಾಸ್ತಿಯನ್ನು ಒಂದೇ ದಿನದಲ್ಲಿ ಮಾರಲಾಗುವುದಿಲ್ಲ.

ನಡುವಿನ ಪದರಕ್ಕೂ ಅಪಾಯವಿದೆ. ಸ್ಪೇನಿನಲ್ಲಿ ಗೃಹೋಪಕರಣ ತಯಾರಿಸುವ ಫಾಗೊರ್ ಮತ್ತು ಅಂಗಡಿಗಳನ್ನು ನಡೆಸುವ ಎರೊಸ್ಕಿ ಎಂಬ ಸಹಕಾರ ಸಂಘಗಳು 2000ರ ದಶಕದಲ್ಲಿ ಅವಧಿಯೇ ಇಲ್ಲದ ಅಧೀನ ಪತ್ರಗಳನ್ನು, ಅಂದರೆ ಉಳಿದ ಸಾಲಗಳೆಲ್ಲ ತೀರಿದ ಮೇಲಷ್ಟೇ ಹಣ ಸಿಗುವ ಪತ್ರಗಳನ್ನು, ಸಾರ್ವಜನಿಕರಿಗೆ ಮಾರಿದವು. ಕೊಂಡವರಲ್ಲಿ ಅನೇಕರು ಸಣ್ಣ ಉಳಿತಾಯಗಾರರು. ಠೇವಣಿಯಂತೆಯೇ ಎಂದು ನಂಬಿದ್ದರು. ಸಾಲ ಮಾಡಿ 2005ರಲ್ಲಿ ಫ್ರಾನ್ಸಿನ ಬ್ರಾಂಟ್ ಕಂಪನಿಯನ್ನು ಕೊಂಡಿದ್ದ ಫಾಗೊರ್, ಮನೆ ಕಟ್ಟುವ ಉದ್ಯಮ ಕುಸಿದು ಗೃಹೋಪಕರಣಗಳ ಮಾರಾಟ ಬಿದ್ದ ಮೇಲೆ 2013ರಲ್ಲಿ ದಿವಾಳಿಯಾಯಿತು. ನಷ್ಟ ಹೊರುವ ಹಣವನ್ನು ನಷ್ಟ ಹೊರಬಲ್ಲವರಿಂದಲೇ ಪಡೆಯಬೇಕು: ನಿಧಿಗಳಿಂದ, ಇತರ ಸಂಘಗಳಿಂದ, ತಿಳಿದು ಹಾಕುವ ಸದಸ್ಯರಿಂದ.

ಉಳಿಸಿಕೊಂಡ ಲಾಭಾಂಶದ್ದು ಇನ್ನೊಂದು ತೊಡಕು. ಸದಸ್ಯರ ಹೆಸರಿಗೆ ಜಮಾ ಮಾಡಿ ಎಂಟು ಹತ್ತು ವರ್ಷಕ್ಕೆ ವಾಪಸ್ ಕೊಡುವ ಪದ್ಧತಿ ಇದ್ದಲ್ಲಿ, ಒಂದು ಒಳ್ಳೆಯ ವರ್ಷದ ಜಮಾ ಮುಂದೊಂದು ಕೆಟ್ಟ ವರ್ಷದಲ್ಲಿ ಪಾವತಿಗೆ ಬರುತ್ತದೆ. ದಿನಾಂಕ ನಿಗದಿ ಮಾಡಿ ಮಾತು ಕೊಡಬಾರದು. 'ಸಾಲದ ರಕ್ಷಣೆ 1.25ಕ್ಕಿಂತ ಮೇಲಿದ್ದರೆ' ಎಂಬ ಷರತ್ತಿನ ಮೇಲೆ ಕೊಡಬೇಕು.

ಅರ್ಜಿಗೆ ಕೂರುವಾಗ

ಮೂರು ವರ್ಷದ ಲೆಕ್ಕಪರಿಶೋಧನಾ ವರದಿ, ಬೈಲಾ, ಸದಸ್ಯರ ಮತ್ತು ಷೇರಿನ ವಹಿ, ವಸೂಲಿ ಬಾಕಿಯನ್ನು ದಿನಗಳ ಪ್ರಕಾರ ಬಿಡಿಸಿದ ಪಟ್ಟಿ, ತಿಂಗಳುವಾರು ನಗದು ಅಂದಾಜು ಎಲ್ಲರೂ ತರುತ್ತಾರೆ. ವಿಶೇಷ ಸಂಸ್ಥೆಗಳು ಹೆಚ್ಚು ಹೊತ್ತು ಓದುವುದು ಮಹಾಸಭೆಯ ನಡಾವಳಿಯನ್ನು. ಹಾಜರಾತಿ ಎಷ್ಟು, ಯೋಜನೆಗೆ ವಿರೋಧ ಬಂದಿತ್ತೇ, ಬಂದಿದ್ದರೆ ಏನು ಉತ್ತರ ಕೊಟ್ಟರು? ಒಂದೂ ಪ್ರಶ್ನೆ ಇಲ್ಲದೆ ಸರ್ವಾನುಮತದಿಂದ ಪಾಸಾದ ದೊಡ್ಡ ಯೋಜನೆ ನನಗಂತೂ ಅನುಮಾನ ತರಿಸುತ್ತದೆ. ಹೊಸ ಷೇರಿಗೆ ಸದಸ್ಯರು ಸಾಲ ಮಂಜೂರಾಗುವ ಮೊದಲೇ ಹಣ ಕಟ್ಟಿದ್ದಾರೆಯೇ, ಬರೀ ಕೈ ಎತ್ತಿದ್ದಾರೆಯೇ ಎಂಬುದನ್ನೂ ನೋಡುತ್ತಾರೆ. ಕನಿಷ್ಠ ಅರ್ಧವನ್ನು ಪ್ರತ್ಯೇಕ ಖಾತೆಯಲ್ಲಿ ಜಮಾ ತೋರಿಸಿದರೆ ಮಾತುಕತೆಯ ಧಾಟಿಯೇ ಬೇರೆ.

ಸಾಲ ಪಡೆಯುವ ಮಿತಿಯನ್ನು ಮರೆಯಬೇಡಿ. ಅನೇಕ ಬೈಲಾಗಳಲ್ಲಿ ಅದು ಷೇರು ಬಂಡವಾಳ ಮತ್ತು ಮೀಸಲು ನಿಧಿಯ ಇಂತಿಷ್ಟು ಪಟ್ಟು ಎಂದು ಇರುತ್ತದೆ. ಮಿತಿ ಮೀರಿದ ಸಾಲಕ್ಕೆ ಮಂಡಳಿ ಠರಾವು ಮಾಡಿದರೂ ಅದು ಅಧಿಕಾರ ಮೀರಿದ ಕೆಲಸ. ಮಂಜೂರಾತಿ ಪತ್ರ ಬಂದ ಮೇಲೆ ವಕೀಲರ ಕಣ್ಣಿಗೆ ಇದು ಬಿದ್ದು, ಮಹಾಸಭೆಗೆ ಮತ್ತೆ ನೋಟಿಸು ಕೊಟ್ಟು, ತಿದ್ದುಪಡಿ ನೋಂದಣಿಯಾಗುವಷ್ಟರಲ್ಲಿ ಯಂತ್ರದ ಕೊಟೇಷನ್ನಿನ ಅವಧಿ ಮುಗಿದು ಹಂಗಾಮೂ ದಾಟಿರುತ್ತದೆ. ಷೇರು ವಾಪಸಾತಿಯ ಕಲಮನ್ನು ತಿದ್ದುವ ಮಹಾಸಭೆಯಲ್ಲೇ ಈ ಮಿತಿಯನ್ನೂ ಕಾರ್ಯಸೂಚಿಗೆ ಸೇರಿಸಿಬಿಡಿ.